ಎಣಿಸದೆ ಬರೆದ ಹದಿನಾರು

ಅಕ್ಟೋಬರ್ 11, ಶನಿವಾರ

ಸುಳ್ಳು. ನಾನು ಹೋಗಿದ್ದೆ. ಎರಡು ಗಂಟೆಗೆ ಸರಿಯಾಗಿ ಆ ಹಾಸಿಗೆಯ ಪಕ್ಕದಲ್ಲೇ ನಿಂತಿದ್ದೆ. ತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿದ್ದೆ, ಬೆರಳಿಗೆ ಕ್ಲಿಪ್ ಹಾಕಿದ್ದೆ, ಕಿವಿಗೆ ಥರ್ಮಾಮೀಟರ್ ಇಟ್ಟಿದ್ದೆ. ಐದು ಅಂಕಿ ಬರೆದಿದ್ದೇನೆ, ಕೆಳಗೆ ನನ್ನ ಸಹಿ ಇದೆ: ಕರ್ಟಿಸ್ ಥರ್ಲ್‌ವೆಲ್. ಬೇಕಿದ್ದರೆ ಹೋಗಿ ಚಾರ್ಟ್ ತೆಗೆಸಿ ನೋಡು ಎಂದು ಆ ಹೆಂಗಸಿನ ಮುಖಕ್ಕೆ ಹೇಳಬೇಕಿತ್ತು. ಹೇಳಲಿಲ್ಲ. ಬ್ರೆಡ್ಡಿನ ಸಾಲಿನಲ್ಲಿ ಬುಟ್ಟಿ ಹಿಡಿದುಕೊಂಡು ಪೆದ್ದನ ಹಾಗೆ ನಿಂತಿದ್ದೆ.

ಅವಳು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಇಪ್ಪತ್ತು ಜನರ ಎದುರಿಗೆ ಅಂದಳು, ಅಷ್ಟು ಸಾಕು. ಜಾನಿಸ್ ರಡಕ್. ನಾರ್ಮನ್ ರಡಕ್‌ನ ಮಗಳು. ಆ ಮುದುಕ ಆಸ್ಪತ್ರೆಯಲ್ಲಿ ನಾನು ಸಹಾಯಕನಾಗಿರುವ ವಾರ್ಡಿನ ನಾಲ್ಕನೇ ಹಾಸಿಗೆಯಲ್ಲಿ ಹದಿನೇಳು ದಿನ ಇದ್ದು, ಆಗಸ್ಟ್ 17ರ ಭಾನುವಾರ ಸಂಜೆ ಐದಕ್ಕೆ ಸತ್ತ. ಎಂಬತ್ತೆರಡು ವರ್ಷ. ಎದೆಯಲ್ಲಿ ಸೋಂಕು. ಅದಕ್ಕೆ ನಾನೇನು ಮಾಡಲಿ?

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಸಿಗರೇಟಿನ ತುದಿಯನ್ನು ಸಿಂಕಿಗೆ ಒತ್ತಿ ಆರಿಸುತ್ತಾ, "ಅಯ್ಯೋ ಬಿಡೋ. ದುಃಖದಲ್ಲಿರೋರು ಎದುರಿಗೆ ಸಿಕ್ಕೋರನ್ನ ಕಚ್ತಾರೆ. ನಮ್ಮನೇಲಿ ಡಿಗ್ರಿ ಕಾಗದ ಅಂತ ಒಂದನ್ನ ನೋಡೋನು ನೀನೊಬ್ಬನೇ. ತಲೆ ಕೆಡಿಸ್ಕೋಬೇಡ" ಅಂದಳು.

ತಲೆ ಕೆಡಿಸಿಕೊಂಡಿಲ್ಲ. ಬ್ರೆಡ್ ತರುವುದು ಮರೆತುಹೋಯಿತು, ಅಷ್ಟೇ.

ಅಕ್ಟೋಬರ್ 15, ಬುಧವಾರ

ವಾರದಲ್ಲಿ ನಾಲ್ಕು ದಿನ ವಾರ್ಡಿನಲ್ಲಿ ಮುದುಕರ ಮೈ ಒರೆಸುವುದು. ಬುಧವಾರ ಮಾತ್ರ ಐವತ್ತು ನಿಮಿಷ ಬಸ್ಸಿನಲ್ಲಿ ಕುಳಿತು ವಿಶ್ವವಿದ್ಯಾಲಯಕ್ಕೆ ಹೋಗಿ ಆರೋಗ್ಯ ವಿಜ್ಞಾನದ ಆನರ್ಸ್ ವಿದ್ಯಾರ್ಥಿ ಆಗುವುದು. ಇದು ಎರಡನೇ ವರ್ಷ. ಹದಿನೈದನೇ ವಯಸ್ಸಿಗೆ ಕಿಟಕಿಯಿಂದ ಕುರ್ಚಿ ಎಸೆದು ಸ್ಯಾಂಡ್‌ಹೋಮ್ ಶಾಲೆ ಬಿಟ್ಟವನು ನಾನು. ಆಮೇಲೆ ಒಂದು ವರ್ಷ ಸಂಜೆ ಕಾಲೇಜಿಗೆ ಹೋಗಿ ಹೇಗೋ ಇದರೊಳಗೆ ತೂರಿಕೊಂಡೆ. ಕುರ್ಚಿಯ ವಿಷಯ ಅರ್ಜಿಯಲ್ಲಿ ಯಾರೂ ಕೇಳಲಿಲ್ಲ.

ಇಲ್ಲಿನವರಿಗೆ ಒಂದು ಕಾಯಿಲೆ ಇದೆ. ಏನು ಬರೆದರೂ ಅದನ್ನು ಯಾರು ಹೇಳಿದ್ದು, ಯಾವ ವರ್ಷ ಹೇಳಿದ್ದು ಎಂದು ಕಂಸದಲ್ಲಿ ಹಾಕಬೇಕು. ನೀರು ಕುಡಿದರೆ ಒಳ್ಳೆಯದು ಎನ್ನುವುದಕ್ಕೂ ಸಾಕ್ಷಿ ಬೇಕು. ‘ನಾನು’ ಎಂದು ಬರೆಯುವಂತೆಯೇ ಇಲ್ಲ. ಇವತ್ತು ಮೊದಲ ಸಲ ಐಲ್ಸಾ ಅದಕ್ಕೆ ಅಪ್ಪಣೆ ಕೊಟ್ಟರು. ಐಲ್ಸಾ ನಮ್ಮ ಅಧ್ಯಾಪಕಿ. ಸ್ಕಾಟ್ಲೆಂಡಿನವರು, ಮೂವತ್ತು ವರ್ಷ ನರ್ಸ್ ಆಗಿದ್ದವರು. ಸುಮ್ಮನೆ ಸಿಹಿ ಮಾತಾಡುವುದಿಲ್ಲ, ಅದಕ್ಕೇ ಅವರೊಬ್ಬರನ್ನು ಸಹಿಸಿಕೊಳ್ಳಬಹುದು.

"ನಿಮ್ ಕೆಲಸದಲ್ಲಿ ನಡೆದ ಒಂದು ಘಟನೆ. ಏನಾಯ್ತು, ಏನನ್ನಿಸ್ತು, ಏನು ಕಲಿತ್ರಿ, ಮುಂದಿನ ಸಲ ಏನು ಮಾಡ್ತೀರಿ. ಸಾವಿರದೈನೂರು ಪದ. ರೋಗಿ ಹೆಸರು ಬದಲಾಯಿಸಿ. ಇದೊಂದರಲ್ಲಿ ‘ನಾನು’ ಅಂತ ಬರೀಬಹುದು. ಬರೀಲೇಬೇಕು."

ಪಕ್ಕದಲ್ಲಿದ್ದ ಟಮಾರಾ ಕೈ ಎತ್ತಿದಳು. "ಏನೂ ಕಲೀಲಿಲ್ಲ ಅಂದ್ರೆ?"

"ಹಾಗಂದ್ರೆ ಫೇಲ್. ಅದನ್ನಾದ್ರೂ ಕಲಿತ ಹಾಗಾಯ್ತಲ್ಲ."

ಎಲ್ಲರೂ ಸತ್ತವರನ್ನೇ ಹುಡುಕುತ್ತಿದ್ದಾರೆ. ಸತ್ತವರಿಗೆ ಹೆಚ್ಚು ಅಂಕ ಬರುತ್ತದೆ ಎಂದು ಮೇಲಿನ ತರಗತಿಯವರು ಹೇಳಿಕೊಟ್ಟಿದ್ದಾರೆ. ನನ್ನ ಹತ್ತಿರ ಒಬ್ಬ ಇದ್ದಾನೆ.

ಅಕ್ಟೋಬರ್ 19, ಭಾನುವಾರ

ಬರೆಯಲು ಕುಳಿತೆ. ‘ನಾನು’ ಎಂದು ಬರೆದು ಎರಡು ಗಂಟೆ ಅದನ್ನೇ ನೋಡಿದೆ.

ಗೋಡೆಯ ಆಚೆ ಪಕ್ಕದ ಮನೆಯಲ್ಲಿ ಯಾರೋ ಕೆಮ್ಮುತ್ತಿದ್ದರು. ಕಫ ತುಂಬಿದ ಕೆಮ್ಮು. ಪಕ್ಕದ ಮನೆ ಜೂನ್‌ನಿಂದ ಖಾಲಿ ಇದೆ.

ಅಕ್ಟೋಬರ್ 26, ಭಾನುವಾರ

ಮುಗಿಯಿತು. ‘ಮಿಸ್ಟರ್ ಎಂ’ ಎಂದು ಹೆಸರಿಟ್ಟೆ. ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ ಮುದುಕ, ಮಾತಿಗೆ ಮೊದಲು ಕಣ್ಣು ಹೊಡೆಯುತ್ತಿದ್ದ. ಮೂಳೆಗಳ ಹೆಸರು ಬಾಯಿಪಾಠ ಮಾಡಲು ನಾನು ಜೇಬಿನಲ್ಲಿ ಚೀಟಿ ಇಟ್ಟುಕೊಂಡು ಓಡಾಡುತ್ತಿದ್ದೆ. ಅದನ್ನು ನೋಡಿಬಿಟ್ಟ. ಅವತ್ತಿನಿಂದ ನಾನು ಹತ್ತಿರ ಹೋದರೆ ಸಾಕು, "ಏನ್ ಪ್ರೊಫೆಸರ್, ಇವತ್ತು ಯಾವ ಮೂಳೆ?" ಒಂದು ಚೀಟಿ ಕಿತ್ತುಕೊಂಡು ಪರೀಕ್ಷೆ ಮಾಡುತ್ತಿದ್ದ. ತಪ್ಪು ಹೇಳಿದರೆ ಅವನ ಟೀಗೆ ಇನ್ನೊಂದು ಚಮಚ ಸಕ್ಕರೆ ಹಾಕಬೇಕು. ಆ ಹದಿನೇಳು ದಿನದಲ್ಲಿ ಅವನ ಟೀ ಪಾಯಸ ಆಗಿತ್ತು.

ಇದನ್ನೆಲ್ಲ ಬರೆದೆ. ಕೊನೆಯ ದಿನವೂ ಅದೇ ತಮಾಷೆ ಮಾಡಿದ ಎಂದು ಬರೆದೆ. ಬೆಳಿಗ್ಗೆ ಆರಕ್ಕೆ ಉಸಿರಾಟ ನಿಮಿಷಕ್ಕೆ ಹದಿನಾರು, ಹತ್ತಕ್ಕೆ ಹದಿನಾರು, ಮಧ್ಯಾಹ್ನ ಎರಡಕ್ಕೆ ಹದಿನಾರು, ಎಲ್ಲ ಸರಿಯಾಗಿತ್ತು. ಐದಕ್ಕೆ ಹಠಾತ್ತಾಗಿ ಹೋದ. ಕೆಲವು ಸಾವುಗಳಿಗೆ ಮುನ್ಸೂಚನೆ ಇರುವುದಿಲ್ಲ (ಯಾರೋ ಒಬ್ಬರು, 2014). ನಾನು ಅವನ ಕೈ ಹಿಡಿದುಕೊಂಡೆ.

ಕೈ ಹಿಡಿದದ್ದು ನಿಜ. ಸತ್ತ ಮೇಲೆ.

ನವೆಂಬರ್ 5, ಬುಧವಾರ

ಕ್ಲಾಸಿನಲ್ಲಿ ಜೋಡಿ ಮಾಡಿ ಕೂರಿಸಿದರು. ಒಬ್ಬರು ಉಸಿರಾಡಬೇಕು, ಇನ್ನೊಬ್ಬರು ಎಣಿಸಬೇಕು. ಪೂರ್ತಿ ಒಂದು ನಿಮಿಷ. ನಾಡಿ ನೋಡುವ ಹಾಗೆ ಕೈ ಹಿಡಿದುಕೊಂಡು ಎದೆಯ ಮೇಲೆ ಕಣ್ಣಿಡಬೇಕು, ಯಾಕೆಂದರೆ ಎಣಿಸುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಉಸಿರು ಬದಲಾಗುತ್ತದೆ. ನಾನು ಟಮಾರಾಳನ್ನು ಎಣಿಸಿದೆ. ಹದಿನಾಲ್ಕು. ಒಂದು ನಿಮಿಷ ಅಷ್ಟು ಉದ್ದ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಐಲ್ಸಾ ಮೇಜಿನ ತುದಿಗೆ ಕುಳಿತರು. "ರಕ್ತದೊತ್ತಡಕ್ಕೆ ಯಂತ್ರ ಇದೆ. ನಾಡಿಗೆ ಇದೆ. ಆಮ್ಲಜನಕಕ್ಕೆ ಇದೆ. ವಾರ್ಡಲ್ಲಿ ಉಸಿರಿಗೆ ಏನಿದೆ?"

"ಏನಿಲ್ಲ" ಎಂದ ಯಾರೋ.

"ನಮ್ ಕಣ್ಣು, ನಮ್ ಗಡಿಯಾರ. ಅದಕ್ಕೇ ನೋಡಿ, ನಾನು ಕಂಡ ಚಾರ್ಟುಗಳ ಪ್ರಕಾರ ಈ ದೇಶದ ಅರ್ಧ ಜನ ನಿಮಿಷಕ್ಕೆ ಸರಿಯಾಗಿ ಹದಿನಾರು ಸಲ ಉಸಿರಾಡ್ತಾರೆ. ಸೈನ್ಯದಲ್ಲೂ ಇಂಥ ಶಿಸ್ತಿಲ್ಲ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಎಲ್ಲರೂ ಮಾಡಿದವರೇ, ಅದಕ್ಕೇ ನಗು. ಟಮಾರಾಳ ಕಿವಿ ಕೆಂಪಾಯಿತು.

"ನಗಿ, ನಗಿ. ಆದ್ರೆ ಮೈ ಕೆಡೋಕೆ ಶುರುವಾದಾಗ ಮೊದಲು ದಾರಿ ತಪ್ಪೋದು ಉಸಿರು. ಮಿಕ್ಕಿದ್ದೆಲ್ಲ ಆಮೇಲೆ. ಎಷ್ಟೋ ಸಲ ಗಂಟೆಗಟ್ಟಲೆ ಮುಂಚೆ ಹೇಳಿರುತ್ತೆ, ಕೇಳೋರಿದ್ರೆ."

ಎರಡರಿಂದ ಐದು. ಮೂರು ಗಂಟೆ.

ಎಲ್ಲರೂ ಹಾಗೆಯೇ ಮಾಡುತ್ತಾರೆ. ಎಲ್ಲರೂ! ಹನ್ನೆರಡರಿಂದ ಇಪ್ಪತ್ತರೊಳಗೆ ಏನು ಬರೆದರೂ ಯಾರೂ ಕೇಳುವುದಿಲ್ಲ. ಇಪ್ಪತ್ತೈದು ಮುಟ್ಟಿದರೆ ನರ್ಸನ್ನು ಕರೆಯಲೇಬೇಕು. ಕೆಲಸಕ್ಕೆ ಸೇರಿದ ಮೊದಲ ವಾರವೇ ಹಳಬರು ನನಗೆ ಹೇಳಿಕೊಟ್ಟಿದ್ದರು, "ಹದಿನಾರು ಬರ್ಕೊಂಡು ಮುಂದಕ್ಕೆ ಹೋಗು ಮರಿ. ಜಾಸ್ತಿ ಕಂಡ್ರೆ ಹದಿನೆಂಟು." ಆ ಭಾನುವಾರ ಇಬ್ಬರು ಬಂದಿರಲಿಲ್ಲ. ಇಪ್ಪತ್ತೆಂಟು ಹಾಸಿಗೆಗೆ ನಾನೊಬ್ಬ. ಇಪ್ಪತ್ತೆಂಟು ನಿಮಿಷ ಎಲ್ಲಿಂದ ತರಲಿ? ಆ ಜಾನಿಸ್‌ಗೆ ಅಪ್ಪನ ಮೇಲೆ ಅಷ್ಟು ಪ್ರೀತಿ ಇದ್ದಿದ್ದರೆ ಅವಳೇ ಕೂತು ಎಣಿಸಬಹುದಿತ್ತು.

ಪ್ರತಿ ವರ್ಷದ ನವೆಂಬರ್ ಐದರ ಹಾಗೆ ಇವತ್ತೂ ಊರೆಲ್ಲ ಪಟಾಕಿ. ಬಂದರಿನ ಕಡೆ ಆಕಾಶ ಹಸಿರು, ಕೆಂಪು. ಎರಡು ಸದ್ದುಗಳ ನಡುವೆ ಯಾರೋ ಎಳೆದೆಳೆದು ಉಸಿರಾಡುವುದು ಕೇಳುತ್ತದೆ. ಕಿಟಕಿ ಮುಚ್ಚಿದೆ. ಒಳಗೇ ಇದೆ.

ನವೆಂಬರ್ 8, ಶನಿವಾರ

ಬಸ್ಸಿನಲ್ಲಿ ಎದುರಿಗೆ ಕುಳಿತವನು ಹದಿಮೂರು. ಅವನ ನಾಯಿ ಮೂವತ್ತೊಂದು. ಮೀನು-ಚಿಪ್ಸ್ ಅಂಗಡಿಯವಳು ಹದಿನೇಳು. ಮೀನು ತಣ್ಣಗಿದೆ ಎಂದವನ ಜೊತೆ ಜಗಳಕ್ಕೆ ನಿಂತಾಗ ಇಪ್ಪತ್ತೆರಡು. ಇಡೀ ದಿನದಲ್ಲಿ ಹದಿನಾರು ಒಬ್ಬರೂ ಸಿಗಲಿಲ್ಲ.

ಅಮ್ಮ ಸೋಫಾದಲ್ಲಿ ಟಿವಿ ನೋಡುತ್ತಾ ನಿದ್ದೆ ಹೋಗಿದ್ದಳು. ಇಪ್ಪತ್ಮೂರು. ಮತ್ತೆ ಎಣಿಸಿದೆ. ಇಪ್ಪತ್ಮೂರು. ಕಣ್ಣು ಬಿಟ್ಟು, "ಏನೋ ಅದು, ಹೆಣ ನೋಡೋ ಹಾಗೆ ನೋಡ್ತಿದೀಯ?" ಅಂದಳು.

"ಸಿಗರೇಟು ಬಿಡು."

"ಬಂದ್ಬಿಟ್ಟ ದೊಡ್ಡ ಡಾಕ್ಟರು."

ನಾಳೆ ಬಿಟ್ಟುಬಿಡುತ್ತೇನೆ, ಈ ಎಣಿಸುವುದನ್ನು.

ನವೆಂಬರ್ 19, ಬುಧವಾರ

ಎಪ್ಪತ್ನಾಲ್ಕು ಬಂದಿದೆ. ಎಪ್ಪತ್ತು ದಾಟಿದರೆ ಮೊದಲ ದರ್ಜೆ. ಜೀವಮಾನದಲ್ಲಿ ನನಗೆ ಇಷ್ಟು ಅಂಕ ಬಂದಿಲ್ಲ. ಕೆಳಗೆ ಐಲ್ಸಾ ಬರೆದಿದ್ದಾರೆ: ‘ಮೂಳೆಯ ಚೀಟಿಗಳ ಭಾಗ ಮರೆಯುವುದಿಲ್ಲ. ಒಂದೇ ಪ್ರಶ್ನೆ. ಆರಕ್ಕೆ ಹದಿನಾರು, ಹತ್ತಕ್ಕೆ ಹದಿನಾರು, ಎರಡಕ್ಕೆ ಹದಿನಾರು. ಎದೆಯ ಸೋಂಕಿನವರು ಇಷ್ಟು ಸಮನಾಗಿ ಉಸಿರಾಡುತ್ತಾರೆಯೇ? ಯೋಚಿಸಿ.’

ಯೋಚಿಸುವುದಿಲ್ಲ.

ಅಮ್ಮ ಆ ಹಾಳೆಯನ್ನು ಫ್ರಿಡ್ಜಿನ ಬಾಗಿಲಿಗೆ ಅಂಟಿಸಿದಳು. ಅವಳು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವುದು, ಊರಿನ ಸುದ್ದಿಯೆಲ್ಲ ಅಲ್ಲೇ ಬೇಯುತ್ತದೆ. ಬಟಾಣಿ ಬಿಸಿ ಮಾಡುತ್ತಾ ಹೇಳಿದಳು, "ಆ ಜಾನಿಸ್‌ಗೆ ಆಸ್ಪತ್ರೆಯಿಂದ ಕಾಗದ ಬಂತಂತೆ. ಎರಡು ಗಂಟೆಗೆ ಉಸಿರಾಟ ಸರಿಯಾಗಿತ್ತು, ಯಾರ ತಪ್ಪೂ ಇಲ್ಲ ಅಂತ. ಅವಳು ಕೇಳಬೇಕಲ್ಲ! ಒಂದು ಗಂಟೆಗೆ ನಾನು ಹೋದಾಗ ಅಪ್ಪ ಏದುಸಿರು ಬಿಡ್ತಿದ್ದ ಅಂತ ಕಂಡಕಂಡೋರಿಗೆಲ್ಲ ಹೇಳ್ಕೊಂಡು ತಿರುಗ್ತಾಳಂತೆ. ಪಾಪ, ತಲೆ ನೆಟ್ಟಗಿಲ್ಲ ಅಂತಿದಾರೆ. ಅವಳ ಗಂಡನೇ ಅಂತಿದಾನಂತೆ."

ತಟ್ಟೆಯನ್ನು ಸಿಂಕಿನಲ್ಲಿಟ್ಟೆ.

ಆ ಕಾಗದದಲ್ಲಿರುವ ಹದಿನಾರು ನನ್ನದು. ಫ್ರಿಡ್ಜಿನ ಮೇಲಿರುವುದೂ ನನ್ನದೇ. ಹಾಲು ತೆಗೆಯಲು ಹೋದಾಗಲೆಲ್ಲ ಮುದುಕ ಅಲ್ಲಿಂದ ನೋಡುತ್ತಾನೆ. ಕಣ್ಣು ಹೊಡೆಯುವುದಿಲ್ಲ.

ನವೆಂಬರ್ 27, ಗುರುವಾರ

ಹನ್ನೊಂದನೇ ಹಾಸಿಗೆಯ ಮಿಸೆಸ್ ಪೆಚ್. ಯಂತ್ರದ ಪ್ರಕಾರ ಎಲ್ಲ ಸರಿ. ನಾನು ಕೈ ಹಿಡಿದು ನಿಂತೆ. ಇಪ್ಪತ್ತೆಂಟು. ಮತ್ತೊಂದು ನಿಮಿಷ. ಇಪ್ಪತ್ತೆಂಟು.

ನಮ್ಮ ವಾರ್ಡಿನ ನರ್ಸ್ ಮೌರೀನ್ ಆ ಕಡೆಯಿಂದ ಕೂಗಿದಳು, "ಲೋ ಕರ್ಟಿಸ್, ಅಲ್ಲೇ ಮದುವೆ ಮಾಡ್ಕೊಂಡ್ಯಾ? ಇನ್ನೂ ಹದಿನೇಳು ಹಾಸಿಗೆ ಇದೆ. ಒಂದು ತಿಂಗಳಿಂದ ನಿಂದು ಇದೇ ಆಯ್ತು."

"ಇವರ ಉಸಿರು ಇಪ್ಪತ್ತೆಂಟಿದೆ."

"ಯಂತ್ರ ಸರಿ ಇದೆ ಅನ್ನುತ್ತಲ್ಲೋ."

"ಯಂತ್ರ ಉಸಿರು ಎಣಿಸಲ್ಲ ಮೌರೀನ್. ಎರಡು ಸಲ ಎಣಿಸಿದೀನಿ. ನೀನು ಬಂದು ಎಣಿಸೋವರೆಗೂ ಇಲ್ಲಿಂದ ಕದಲಲ್ಲ."

ಬಂದಳು, ಬೈದುಕೊಂಡೇ. ನಿಂತು ನೋಡಿದಳು. ಆಮೇಲೆ ಬೈಯಲಿಲ್ಲ, ಓಡಿದಳು. ಡಾಕ್ಟರ್ ಬಂದ, ಅರ್ಧ ಗಂಟೆಯಲ್ಲಿ ಮಿಸೆಸ್ ಪೆಚ್ ಅವರನ್ನು ಮೇಲಿನ ಮಹಡಿಗೆ ಕರೆದುಕೊಂಡು ಹೋದರು. ರಕ್ತಕ್ಕೆ ಸೋಂಕು ಹತ್ತುತ್ತಿತ್ತಂತೆ. ಸರಿಹೊತ್ತಿಗೆ ಗೊತ್ತಾಯಿತು. ಬದುಕುತ್ತಾರೆ.

ಮೌರೀನ್ ನನ್ನ ಬೆನ್ನು ತಟ್ಟಿದಳು. "ಒಂದು ಜೀವ ಉಳಿಸ್ದೆ ಕಣೋ ಇವತ್ತು."

ನಾನು ಬಟ್ಟೆ ಇಡುವ ಕೋಣೆಗೆ ಹೋಗಿ ಬಾಗಿಲನ್ನು ಸಿಡಿದುಹೋಗುವ ಹಾಗೆ ಎಳೆದೆ. ಆಸ್ಪತ್ರೆಯ ಬಾಗಿಲುಗಳು ಹಾಗೆ ಬಡಿದುಕೊಳ್ಳುವುದಿಲ್ಲ. ಮೇಲೆ ಒಂದು ಕಬ್ಬಿಣದ ತೋಳು ಇರುತ್ತದೆ. ಎಷ್ಟು ಸಿಟ್ಟಿನಿಂದ ಎಳೆದರೂ ನಿಧಾನವಾಗಿ, ಉಸ್ಸೆಂದು ಉಸಿರು ಬಿಟ್ಟ ಹಾಗೆ ಮುಚ್ಚಿಕೊಳ್ಳುತ್ತದೆ. ಒಳಗೆ ಕತ್ತಲಲ್ಲಿ ಬಕೆಟ್ಟಿಗೆ ವಾಂತಿ ಮಾಡಿದೆ.

ಒಂದೇ ನಿಮಿಷ. ಬೇಕಾಗಿದ್ದದ್ದು ಅಷ್ಟೇ.

ನವೆಂಬರ್ 28, ಶುಕ್ರವಾರ

ಅವರು ಕೊನೆಯ ದಿನವೂ ತಮಾಷೆ ಮಾಡಿದರು ಎಂದು ಬರೆದಿದ್ದೆನಲ್ಲ. ಮಾಡಿದರು. ಹೇಗೆ ಮಾಡಿದರು ಎನ್ನುವುದು ಇವತ್ತು ಹಲ್ಲುಜ್ಜುವಾಗ ನೆನಪಾಯಿತು.

"ಏನ್ ಪ್ರೊಫೆಸರ್" ಅಂದರು. ಉಸಿರು ಎಳೆದುಕೊಳ್ಳಲು ಮಾತು ನಿಲ್ಲಿಸಿದರು. ಎರಡೂ ಹೆಗಲು ಮೇಲೆ ಬಂದವು.

"ಇವತ್ತು" ಅಂದರು. ಮತ್ತೆ ಹೆಗಲು.

"ಯಾವ."

ಅಷ್ಟೇ. ಮೂಳೆ ಎನ್ನುವುದು ಬರಲೇ ಇಲ್ಲ. ಬಾಯಿ ತೆರೆದೇ ಇತ್ತು. ಅದನ್ನು ನಾನು ಮುಗಿಸಿದೆ. "ಪಕ್ಕೆಲುಬು, ನಾರ್ಮನ್" ಎಂದು ನಕ್ಕು, ಪೆನ್ನಿನ ಮುಚ್ಚಳ ಹಲ್ಲಿನಿಂದ ತೆಗೆದು, ಹದಿನಾರು ಬರೆದೆ.

ಒಂದು ಮಾತಿಗೆ ಒಂದು ಉಸಿರು. ಎಣಿಸಬೇಕಾಗಿಯೂ ಇರಲಿಲ್ಲ. ಕೇಳಿಸಿಕೊಂಡಿದ್ದರೆ ಸಾಕಿತ್ತು.

ನವೆಂಬರ್ 30, ಭಾನುವಾರ

ಹೊಸದಾಗಿ ಬರೆದೆ. ಒಂದೂವರೆ ಪುಟ. ಕಂಸದಲ್ಲಿ ಯಾರ ಹೆಸರೂ ಇಲ್ಲ. ಮೊದಲ ವಾಕ್ಯ: ನಾನು ಎಣಿಸಲಿಲ್ಲ.

ಡಿಸೆಂಬರ್ 3, ಬುಧವಾರ

ಕ್ಲಾಸ್ ಮುಗಿದ ಮೇಲೆ ಐಲ್ಸಾ ಅವರ ಕೋಣೆಗೆ ಹೋಗಿ ಲಕೋಟೆ ಕೈಯಲ್ಲಿ ಹಿಡಿದುಕೊಂಡು ನಿಂತೆ. ಒಳಗೆ ಏನಿದೆ ಎಂದು ಅವರಿಗೆ ಮುಖ ನೋಡಿಯೇ ಗೊತ್ತಾಯಿತು ಅನ್ನಿಸುತ್ತದೆ. ಕೈ ಚಾಚಲಿಲ್ಲ.

"ಕೊಡೋ ಮುಂಚೆ ಕೇಳಿಸ್ಕೊಳ್ಳಿ ಕರ್ಟಿಸ್. ಅದನ್ನ ಓದಿದ ಮೇಲೆ ಓದಿಲ್ಲ ಅನ್ನೋಕೆ ನನಗಾಗಲ್ಲ. ಇಲ್ಲಿಯೋರಿಗೆ ತಿಳಿಸ್ಬೇಕು, ನಿಮ್ಮ ಆಸ್ಪತ್ರೆಗೂ ತಿಳಿಸ್ಬೇಕು. ಸಮಿತಿ ಕೂರುತ್ತೆ. ಉಳಿಸ್ಕೋಬಹುದು, ತೆಗೆದೂ ಹಾಕ್ಬಹುದು. ನನ್ ಕೈಲಿರಲ್ಲ."

"ನೀವೂ ಬರೆದಿದೀರಾ? ಹದಿನಾರು?"

ಕಿಟಕಿಯ ಕಡೆ ನೋಡಿದರು. ಹೊರಗೆ ಹುಡುಗರು ಸೈಕಲ್ ಬಿಡುತ್ತಿದ್ದರು.

"ಎಷ್ಟೋ ಸಲ."

"ಯಾರಾದ್ರೂ ಸತ್ರಾ?"

"ಗೊತ್ತಿಲ್ಲ. ಯಾವತ್ತೂ ತಿರುಗಿ ನೋಡಲಿಲ್ಲ." ಆಮೇಲೆ ಮೇಜಿನ ಮೇಲಿನ ಕಾಗದ ಒಟ್ಟು ಮಾಡುತ್ತಾ, "ನಿಮ್ಮಷ್ಟು ವಯಸ್ಸಲ್ಲಿ ನೋಡ್ಬೇಕಿತ್ತು" ಅಂದರು.

ಲಕೋಟೆಯನ್ನು ಮತ್ತೆ ಕೋಟಿನೊಳಗೆ ಇಟ್ಟುಕೊಂಡೆ. "ಸೋಮವಾರ ಕೊಡ್ತೀನಿ. ಅದಕ್ಕೆ ಮೊದಲು ಅವರ ಮಗಳಿಗೆ ಗೊತ್ತಾಗ್ಬೇಕು. ಸಮಿತಿಯಿಂದ ಬರೋ ಇನ್ನೊಂದು ಕಾಗದದಲ್ಲಿ ಅವರು ಇದನ್ನ ಓದಬಾರದು."

ಐಲ್ಸಾ ಎದ್ದು ನನ್ನ ಜೊತೆ ಬಾಗಿಲವರೆಗೆ ಬಂದರು. ಹನ್ನೊಂದು. ಶಾಂತವಾಗಿರುವವರ ಉಸಿರಲ್ಲ ಅದು, ಹಿಡಿದಿಟ್ಟುಕೊಂಡವರದು.

ಡಿಸೆಂಬರ್ 6, ಶನಿವಾರ

ಬಸ್ ನಿಲ್ದಾಣದಲ್ಲಿ ಬರೆಯುತ್ತಿದ್ದೇನೆ. ಸಮುದ್ರದ ಗಾಳಿ, ಬೆರಳು ಬಗ್ಗುತ್ತಿಲ್ಲ. ಜಾನಿಸ್ ರಡಕ್ ಅವರ ಮನೆಯ ಕಡೆ ಹೋಗುವ ಬಸ್ಸಿಗೆ ಇನ್ನೂ ಹನ್ನೊಂದು ನಿಮಿಷ ಇದೆ.

ಕೋಟು ಹಾಕಿಕೊಂಡು ಕೆಳಗೆ ಇಳಿದಾಗ ಅಮ್ಮ ಮುಂಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಕೈಯಲ್ಲಿ ನನ್ನ ಕರಡು ಪ್ರತಿ. ಕಸದ ಬುಟ್ಟಿಯಿಂದ ತೆಗೆದಿದ್ದಾಳೆ, ಟೀ ಎಲೆ ಅಂಟಿಕೊಂಡಿತ್ತು.

"ಏನಿದು?"

"ಓದಿದೀಯಲ್ಲ."

"ಆ ಮುದುಕ ಎದ್ದು ಬರ್ತಾನೇನೋ?"

"ಬರಲ್ಲ."

"ಮತ್ತೆ? ಮೂರು ವರ್ಷ ಒದ್ದಾಡಿದ್ದನ್ನ ಒಂದು ಅಂಕಿಗೋಸ್ಕರ ಚರಂಡಿಗೆ ಹಾಕ್ತೀಯ? ಯಾರ ತಪ್ಪೂ ಇಲ್ಲ ಅಂತ ಆಸ್ಪತ್ರೆಯೋರೇ ಬರೆದು ಕೊಟ್ಟಿದಾರೆ!"

"ನನ್ ಅಂಕಿ ನೋಡ್ಕೊಂಡು ಬರೆದಿರೋದು ಅದು. ಅಪ್ಪ ಏದುಸಿರು ಬಿಡ್ತಿದ್ರು ಅಂತ ಅವರು ಹೇಳ್ತಿರೋದು ನಿಜ ಅಮ್ಮ. ಅವರ ತಲೆ ನೆಟ್ಟಗಿದೆ. ಅದನ್ನ ಅವರಿಗೆ ಹೇಳೋಕಾಗೋದು ಈ ಊರಲ್ಲಿ ನನಗೊಬ್ಬನಿಗೇ."

"ಪೊಲೀಸರನ್ನ ಕರೆದ್ರೆ?"

"ಕರೀಲಿ."

"ಕೆಲಸ ಹೋದ್ರೆ? ಡಿಗ್ರಿ ಹೋದ್ರೆ? ನಾನು ಅಡುಗೆಮನೇಲಿ ಎಲ್ಲರಿಗೂ ಹೇಳ್ಬಿಟ್ಟಿದೀನಿ ಕಣೋ, ನನ್ ಮಗ, ನನ್ ಮಗ ಅಂತ!" ಕರಡನ್ನು ನನ್ನ ಮುಖದ ಮುಂದೆ ಆಡಿಸಿದಳು. "ನೀನು ಹುಟ್ಟಿದಾಗಿಂದ ಇದೇ. ಕುರ್ಚಿ ಎಸೆಯೋದು, ಬಾಗಿಲು ಬಡಿಯೋದು. ಒಂದನ್ನಾದ್ರೂ ಮುಗಿಸಿದೀಯಾ?"

ಉತ್ತರ ಬಾಯಿಗೆ ಬಂದಿತ್ತು, ಒಳ್ಳೆಯ ಉತ್ತರ. ಆದರೆ ಅವಳು ಎರಡು ಕೂಗಿನ ನಡುವೆ ಗಾಳಿಯನ್ನು ಹೇಗೆ ಎಳೆದುಕೊಳ್ಳುತ್ತಿದ್ದಾಳೆ ಎನ್ನುವುದರ ಮೇಲೆ ನನ್ನ ಕಣ್ಣು ಹೋಗಿತ್ತು. ಕುತ್ತಿಗೆಯ ನರ ಎದ್ದಿತ್ತು. ಹೆಗಲು ಮೇಲೆ ಬರುತ್ತಿತ್ತು. ಅಷ್ಟು ಕೂಗಾಟದ ನಡುವೆ ಗೋಡೆಯ ಗಡಿಯಾರ ನೋಡುತ್ತಾ ನಿಂತೆ. ಅವಳು ಬೈಯುತ್ತಲೇ ಇದ್ದಳು. ಒಂದು ನಿಮಿಷ ಪೂರ್ತಿ ನಿಂತೆ. ಇಪ್ಪತ್ತೇಳು.

"ಬುಧವಾರ ಹತ್ತೂಕಾಲಿಗೆ ಡಾಕ್ಟರ್ ಹತ್ರ ನಿನ್ ಹೆಸರು ಬರೆಸಿದೀನಿ" ಅಂದೆ. "ನಾನೇ ಕರ್ಕೊಂಡು ಹೋಗ್ತೀನಿ."

ಅಮ್ಮ ಕರಡನ್ನು ಕೆಳಗಿಳಿಸಿದಳು. "ಬುಧವಾರ ನಿನ್ ಕ್ಲಾಸಲ್ವೇನೋ?"

"ಇದ್ರೆ ಮಧ್ಯಾಹ್ನ ಹೋಗ್ತೀನಿ. ಜರುಗು."

ಜರುಗಲಿಲ್ಲ. ಅವಳ ಎರಡೂ ತೋಳು ಹಿಡಿದು, ರೋಗಿಯನ್ನು ಕುರ್ಚಿಗೆ ಕೂರಿಸುವ ಹಾಗೆ, ನಿಧಾನವಾಗಿ ಮೆಟ್ಟಿಲ ಮೇಲೆ ಕೂರಿಸಿದೆ. ಹಗುರ ಇದ್ದಳು. ಅಡುಗೆಮನೆಯ ಫ್ರಿಡ್ಜಿನ ಮೇಲೆ ಎಪ್ಪತ್ನಾಲ್ಕು ಇರಲಿಲ್ಲ, ಅಂಟಿಸಿದ ಟೇಪಿನ ನಾಲ್ಕು ತುಂಡು ಮಾತ್ರ ಇದ್ದವು. ಅವಳೇ ಕಿತ್ತಿದ್ದಾಳೆ.

"ಕರ್ಟಿಸ್, ನೀನು ಈಗ ಹೋದ್ರೆ—"

ಹೊರಗೆ ಬಂದೆ. ನಮ್ಮ ಮನೆಯ ಬಾಗಿಲಿಗೆ ಕಬ್ಬಿಣದ ತೋಳಿಲ್ಲ. ಎರಡೂ ಕೈ ಹಾಕಿ ಎಳೆದೆ. ಗಾಜು ನಡುಗಿ, ಬೀದಿಯ ಕೊನೆಯ ನಾಯಿ ಬೊಗಳುವ ಹಾಗೆ, ದಢಾರ್ ಎಂದು ಬಡಿದುಕೊಂಡಿತು.